ಬಸಂತರಾಯರ ಜೋಡಿ ಲ್ಯಾಪ್‌ಟಾಪು

ವಿಜಾಪುರ ಜಿಲ್ಲೆಯ ಇಂಡಿ ಊರಿನ ಕಾಲುವೆ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿದ್ದ ಬಸಂತರಾಯರು ಜೀವನದಲ್ಲಿ ಯಾವ ವಸ್ತುವನ್ನೂ ಕೊಂಡವರಲ್ಲ. ಮುಂದೆ ಮಾರುವುದಕ್ಕೆಂದು ಸ್ವಲ್ಪ ಕಾಲ ಮನೆಯಲ್ಲಿ ಇಟ್ಟುಕೊಂಡವರು, ಅಷ್ಟೆ. ಅಂಗಡಿಯವನು ಬೆಲೆ ಹೇಳಲು ಬಾಯಿ ತೆಗೆಯುವ ಮೊದಲೇ "ಅದಿರಲಿ, ಮುಂದ ಮಾರಿದ್ರ ಎಷ್ಟು ಬರತೈತಿ?" ಎಂದು ಕೇಳುವುದು ಅವರ ಪದ್ಧತಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಊರು ಕಂಡಿದೆ. ಆ ಕೂಸು ಬೆಳೆದ ಮೇಲೆ ಕುಲಾವಿಯನ್ನು ಯಾರಿಗೆ ಮಾರಬೇಕೆಂದು ಮೊದಲೇ ಗೊತ್ತುಮಾಡುವವರು ಇವರೊಬ್ಬರೇ.

ಹೀಗಾಗಿ ಅವರ ಮನೆಯ ಸೋಫಾಕ್ಕೆ ಅಂಗಡಿಯ ಪ್ಲಾಸ್ಟಿಕ್ ಹಾಗೇ ಇತ್ತು. ಬೇಸಿಗೆಯಲ್ಲಿ ಬಂದ ಬೀಗರು ಏಳುವಾಗ ಸೋಫಾ ಅವರ ಬೆನ್ನು ಹಿಡಿದುಕೊಂಡು ಅರ್ಧ ದಾರಿ ಜೊತೆಗೆ ಏಳುತ್ತಿತ್ತು. ಮಿಕ್ಸರು ಹಬ್ಬದ ದಿನ ಮಾತ್ರ ಥರ್ಮಕೋಲಿನಿಂದ ಹೊರಗೆ ಬಂದು, ಹೋಳಿಗೆಯ ಹೂರಣ ನೋಡಿ, ಒರೆಸಿಕೊಂಡು, ಮತ್ತೆ ಪೆಟ್ಟಿಗೆ ಸೇರುತ್ತಿತ್ತು. ಇಷ್ಟೆಲ್ಲ ಜೋಪಾನ ಮಾಡಿ ಇದುವರೆಗೆ ಏನನ್ನು ಮಾರಿದ್ದಾರೆ ಎಂದು ಮಾತ್ರ ಯಾರೂ ಕೇಳಬಾರದು. ಅವರು ಒಳ್ಳೆಯ ರೇಟಿಗೆ ಕಾಯುತ್ತಿದ್ದರು.

ಎರಡು ಸಾವಿರದ ಏಳನೆಯ ಇಸವಿಯಲ್ಲಿ ಅವರ ಹೆಂಡತಿ ವಿದ್ಯಾವತಿಗೆ ಒಂದು ಲ್ಯಾಪ್‌ಟಾಪ್ ಬೇಕಾಯಿತು. ಆಕೆ ವಿಜಾಪುರದಲ್ಲಿ ಕನ್ನಡ ಟೈಪಿಂಗ್ ಕಲಿತು ಬಂದವಳು. ಊರಿನ ಹೈಸ್ಕೂಲಿನ ಹೆಡ್‌ಮಾಸ್ತರರು ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಟೈಪು ಮಾಡಿ ಅಚ್ಚುಹಾಕಿ ಕೊಡುವ ಕೆಲಸವನ್ನು ಆಕೆಗೇ ಕೊಡುವುದಾಗಿ ಹೇಳಿದ್ದರು. ಅರ್ಧವಾರ್ಷಿಕದ್ದು ಸರಿಯಾಗಿ ಆದರೆ ವಾರ್ಷಿಕವೂ ಅವಳದೇ, ಅಲ್ಲಿಂದ ಮುಂದೆ ಪ್ರತಿ ವರ್ಷ ಅವಳದೇ. ಆದರೆ ಆಗಿನ ಇಂಡಿಯಲ್ಲಿ ಕರೆಂಟು ಬರುವುದಕ್ಕಿಂತ ಹೋಗುವುದಕ್ಕೇ ಹೆಚ್ಚು ಹೆಸರಾಗಿತ್ತು. ಮೇಜಿನ ಮೇಲಿನ ದೊಡ್ಡ ಕಂಪ್ಯೂಟರ್ ಇಟ್ಟುಕೊಂಡರೆ "ಬಿಟ್ಟ ಸ್ಥಳ ತುಂಬಿರಿ" ಎಂದು ಟೈಪು ಮಾಡುವಷ್ಟರಲ್ಲಿ ಪರದೆಯೇ ಬಿಟ್ಟ ಸ್ಥಳವಾಗುತ್ತಿತ್ತು. ಬ್ಯಾಟರಿ ಇರುವ ಲ್ಯಾಪ್‌ಟಾಪೇ ಬೇಕು, ಜೊತೆಗೆ ಒಂದು ಪ್ರಿಂಟರ್ ಬೇಕು ಎಂದು ಆಕೆ ಜಂಪರ್ ಹೊಲಿದು ಕೂಡಿಸಿದ ಹಣವನ್ನು ಗಂಡನ ಕೈಯಲ್ಲಿ ಇಟ್ಟಳು. ಅದೊಂದೇ ಆಕೆ ಮಾಡಿದ ತಪ್ಪು.

ಬಸ್‌ಸ್ಟ್ಯಾಂಡಿನ ಹತ್ತಿರ ಚೇತನಕುಮಾರ ಎಂಬ ಹುಡುಗ ಧಾರವಾಡದಲ್ಲಿ ಓದಿ ಬಂದು ಹೊಸದಾಗಿ ಕಂಪ್ಯೂಟರ್ ಅಂಗಡಿ ತೆರೆದಿದ್ದ. ಬಸಂತರಾಯರು ಕುರ್ಚಿಯಲ್ಲಿ ಕುಳಿತು ತಮ್ಮ ಮೂಲಪ್ರಶ್ನೆ ಕೇಳಿದರು.

"ಮೂರು ವರ್ಷ ಬಿಟ್ಟು ಮಾರಿದ್ರ ಎಷ್ಟು ಬರತೈತಿ?"

"ಇದು ಬಂಗಾರ ಅಲ್ರಿ ಸರ್," ಎಂದ ಚೇತನಕುಮಾರ. "ಮೂರು ವರ್ಷಕ್ಕ ಹಳೇದಾಗಿ ಬಿಡತೈತಿ. ಯಾರರೆ ಕೊಟ್ಟಷ್ಟು ತಗೊಂಡು ಕೈ ಮುಗೀಬೇಕ್ರಿ."

ಬಸಂತರಾಯರಿಗೆ ಹುಡುಗನ ಬಗ್ಗೆ ಕನಿಕರ ಹುಟ್ಟಿತು. ಪಾಪ, ಮಾರುವುದು ಗೊತ್ತು, ಮರುಮಾರುವುದು ಗೊತ್ತಿಲ್ಲ. ಇಂಥ ವಿಷಯದಲ್ಲಿ ಓದಿದವರನ್ನು ಕೇಳಿ ಪ್ರಯೋಜನವಿಲ್ಲ ಎಂದು ತೀರ್ಮಾನಿಸಿ ಅವರು ಮರುದಿನವೇ ಸಿಂದಗಿಯ ಬಸ್ಸು ಹಿಡಿದರು. ಅಲ್ಲಿ ಅವರ ತಂದೆಯ ಕಾಲದಿಂದ ಗುರುತಿದ್ದ ಕಾಸಿಂಸಾಬರಿದ್ದರು. ಐವತ್ತು ವರ್ಷ ದನದ ಸಂತೆಯಲ್ಲಿ ದಲಾಲಿ ಮಾಡಿದ ಮನುಷ್ಯ. ಎತ್ತಿನ ಬಾಲ ನೋಡಿ ಅದರ ಮುಂದಿನ ಮಾಲಕ ಯಾವ ಊರಿನವನೆಂದು ಹೇಳಬಲ್ಲರು ಎಂಬುದು ಕನ್ನೊಳ್ಳಿಯ ರೈತರ ನಂಬಿಕೆ.

"ತಮ್ಮಾ, ನಾಲ್ಕು ಕಾಲಿಂದು ಏನರೆ ಇದ್ರ ಹೇಳು. ಈ ಮಷೀನ ನನಗ ತಿಳಿಯೂದಿಲ್ಲ," ಎಂದರು ಕಾಸಿಂಸಾಬರು.

"ಚಾಚಾ, ಕಾಲು ಎಷ್ಟರೆ ಇರಲಿ, ಮಾರೂ ಧರ್ಮ ಒಂದ," ಎಂದರು ಬಸಂತರಾಯರು.

ಇಂಥ ಮಾತಿಗೆ ಯಾವ ದಲಾಲಿ ಕರಗುವುದಿಲ್ಲ? ಕಾಸಿಂಸಾಬರು ಹೆಗಲಿಗೆ ಟಾವೆಲ್ ಹಾಕಿಕೊಂಡು ಹೊರಟರು.

ಚೇತನಕುಮಾರ ಮೂರು ಲ್ಯಾಪ್‌ಟಾಪುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಕಾಸಿಂಸಾಬರು ಚಪ್ಪಲಿ ಹೊರಗೆ ಬಿಟ್ಟು ಮೇಜಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಹಿಂದಿನಿಂದ ನೋಡಿದರು, ಬಗ್ಗಿ ಹೊಟ್ಟೆಯ ಕೆಳಗೆ ನೋಡಿದರು. ಕೊನೆಗೆ ನಡುವಿನದರ ಬೆನ್ನು ತಟ್ಟಿದರು.

"ಇದರ ಬಾಯಿ ತೆಗಿ."

ಚೇತನಕುಮಾರ ಅರ್ಥಮಾಡಿಕೊಂಡು ಮುಚ್ಚಳ ತೆರೆದ. ಕಾಸಿಂಸಾಬರು ಕೀಲಿಗಳ ಮೇಲೆ ಹೆಬ್ಬೆರಳು ಆಡಿಸಿ, "ಹಲ್ಲು ಹಸನ ಅದಾವ. ಒಂದೂ ಅಳ್ಳಾಡೂದಿಲ್ಲ," ಎಂದರು. "ಮೇವು ಎಷ್ಟು?"

"ಎರಡು ತಾಸು ಚಾರ್ಜ್ ಮಾಡಿದ್ರ ಮೂರು ತಾಸು ನಡೀತೈತ್ರಿ."

"ಉಂಡದ್ದಕ್ಕಿಂತ ಹೆಚ್ಚು ದುಡೀತೈತಿ. ಜಾತಿ ಛಲೋ ಐತಿ. ಬೆನ್ನ ಮ್ಯಾಲಿನ ಈ ಸುಳಿ ಏನು?"

"ಅದು ಕಂಪನಿ ಗುರುತ್ರಿ."

"ನಡೀತೈತಿ. ಬೆನ್ನ ಮ್ಯಾಲಿನ ಸುಳಿ ಮಾಲಕಗ ಕಾಡೂದಿಲ್ಲ."

ಬಸಂತರಾಯರ ಮುಖ ಅರಳಿತು. ಆದರೆ ಕಾಸಿಂಸಾಬರು ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಗಡ್ಡ ಸವರಿಕೊಂಡರು. ವ್ಯಾಪಾರ ಮುರಿಯುವ ಮುಂಚೆ ದಲಾಲಿಗಳು ಹೀಗೆಯೇ ನಿಲ್ಲುತ್ತಾರೆ.

"ಎಲ್ಲಾ ಬರೋಬರಿ ಐತಿ ತಮ್ಮಾ. ಆದ್ರ ಒಂಟಿ ಐತಿ."

"ಅಂದ್ರ?"

"ಒಂಟಿ ಎತ್ತಿಗೆ ರೇಟಿಲ್ಲ. ಜೋಡಿ ಇದ್ರ ಕೊಳ್ಳಾಂವ ನಿನ್ನ ಮನಿ ಹುಡುಕ್ಯೋತ ಬರತಾನ. ಒಂಟಿ ಇದ್ರ ನೀ ಅವನ ಮನಿ ಹುಡುಕ್ಯೋತ ಹೋಗಬೇಕು. ಸಂತ್ಯಾಗ ಇದು ಸಣ್ಣ ಹುಡುಗೂರಿಗೂ ಗೊತ್ತು."

ಬಸಂತರಾಯರು ಬೆಚ್ಚಿದರು. ಇಷ್ಟು ವರ್ಷ ಒಂದೇ ಸೋಫಾ, ಒಂದೇ ಮಿಕ್ಸರು, ಒಂದೇ ಟೀವಿ ಇಟ್ಟುಕೊಂಡು ಗಿರಾಕಿಗೆ ಕಾದದ್ದೇಕೆ ವ್ಯರ್ಥವಾಯಿತೆಂದು ಈಗ ಹೊಳೆಯಿತು. ಅವರು ಗಟ್ಟಿದನಿಯಲ್ಲಿ, "ಇದರ ಸರಿಜೋಡಿ ತೆಗಿಯಪ್ಪಾ. ಬಣ್ಣ, ಮೈಕಟ್ಟು, ಸುಳಿ ಎಲ್ಲಾ ಒಂದ ಇರಬೇಕು," ಎಂದರು.

ಚೇತನಕುಮಾರ ಪ್ರಾಮಾಣಿಕ ಹುಡುಗ. "ಸರ್, ಮನಿ ಕೆಲಸಕ್ಕ ಒಂದ ಸಾಕ್ರಿ. ಎರಡು ಸುಮ್ಮನ ದಂಡ," ಎಂದು ಮೂರು ಬಗೆಯಲ್ಲಿ ಹೇಳಿ ನೋಡಿದ. ಬಸಂತರಾಯರು ಎರಡಕ್ಕಿಂತ ಕಡಿಮೆ ಒಪ್ಪಲಿಲ್ಲ. ಅಂಗಡಿಯವನು ಒಂದೇ ಸಾಕೆನ್ನುವುದು, ಗಿರಾಕಿ ಎರಡು ಬೇಕೆನ್ನುವುದು. ಇಂಥ ಚೌಕಾಶಿ ಆ ರಸ್ತೆಯಲ್ಲಿ ಹಿಂದೆಂದೂ ನಡೆದಿರಲಿಲ್ಲ. ಪ್ರಿಂಟರಿಗೆಂದು ಇಟ್ಟಿದ್ದ ಹಣ ಎರಡನೆಯ ಲ್ಯಾಪ್‌ಟಾಪಿಗೆ ಹೋಯಿತು. ಸಾಲದ್ದಕ್ಕೆ ಬಸಂತರಾಯರು ತಮ್ಮ ಕೈಯಿಂದಲೂ ಹಾಕಿದರು.

ಮನೆಯಲ್ಲಿ ವಿದ್ಯಾವತಿ ಎರಡು ಪೆಟ್ಟಿಗೆ ನೋಡಿ ಸಂತೋಷಪಟ್ಟಳು. ತೆರೆದ ಮೇಲೆ, "ಪ್ರಿಂಟರ್ ಎಲ್ರಿ?" ಎಂದಳು.

"ಅದನ್ನ ಯಾರರೆ ಮುಂದ ಕೊಳ್ಳತಾರೇನು? ಇದು ನೋಡು, ಜೋಡಿ."

ವಿದ್ಯಾವತಿ ಕೊಲ್ಹಾರದ ಒಕ್ಕಲುತನದ ಮನೆಯ ಮಗಳು. ಅಪ್ಪನ ದನದ ಕೊಟ್ಟಿಗೆಯಲ್ಲೇ ಆಡಿ ಬೆಳೆದವಳು. ಹೀಗಾಗಿ ಗಂಡನ ಮಾತು ಅರ್ಥವಾಗಲಿಲ್ಲ ಎಂದು ನೆಮ್ಮದಿಯಾಗಿ ಇರುವ ಅನುಕೂಲವೂ ಆಕೆಗೆ ಇರಲಿಲ್ಲ. ಎಲ್ಲ ಅರ್ಥವಾಯಿತು, ಅದಕ್ಕೇ ಸಿಟ್ಟು ಹೆಚ್ಚಾಯಿತು. ಎರಡು ದಿನ ಗಂಡನಿಗೆ ರೊಟ್ಟಿ ಹಾಕಿದಳೇ ಹೊರತು ಮಾತು ಹಾಕಲಿಲ್ಲ.

ಈ ಮೌನ ಪಕ್ಕದ ಮನೆಯ ಚನ್ನವ್ವನ ಕಿವಿಗೆ ಬಿತ್ತು. ಎರಡು ಲ್ಯಾಪ್‌ಟಾಪ್ ಬಂದದ್ದು ಮೊದಲೇ ಕಣ್ಣಿಗೆ ಬಿದ್ದಿತ್ತು. ಎರಡನ್ನೂ ಕೂಡಿಸಿದ ಚನ್ನವ್ವ, ಗಂಡಹೆಂಡತಿ ಬೇರೆಯಾಗುತ್ತಿದ್ದಾರೆ, ಸಾಮಾನು ಈಗಲೇ ಎರಡೆರಡು ಮಾಡಿಕೊಳ್ಳುತ್ತಿದ್ದಾರೆ ಎಂದು ಓಣಿಗೆ ತಿಳಿಸಿದಳು. ಸುದ್ದಿ ಯಾವ ಬಸ್ಸು ಹತ್ತಿತೋ, ಮೂರನೆಯ ದಿನ ಮುದ್ದೇಬಿಹಾಳದಿಂದ ಬಸಂತರಾಯರ ಅಕ್ಕ ಸಿದ್ದವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದಿಳಿದಳು.

"ಬಸಂತೂ, ನಮ್ಮ ಮನೆತನದಾಗ ಹಿಂಗ ಆಗಿದ್ದಿಲ್ಲೋ. ಇಂದು ಇದು ಎರಡು ಆತು, ನಾಳಿ ಒಲಿ ಎರಡು ಆಗ್ತಾವ."

"ಅಕ್ಕಾ, ಅದು ಹಂಗಲ್ಲ. ಒಂಟಿಗೆ ರೇಟಿಲ್ಲಂತ ಜೋಡಿ ತಂದೇನಿ."

ಸಿದ್ದವ್ವನ ಅಳು ತಟ್ಟನೆ ನಿಂತಿತು. "ಹೌದಲ್ಲ. ಒಂಟಿ ಯಾರು ಕೊಳ್ಳತಾರ?" ಎಂದು ಸೆರಗು ಸರಿಮಾಡಿಕೊಂಡಳು. "ಬರೋಬರಿ ಮಾಡೀದಿ. ಇದರಾಗ ಎಡಗೋಲಿಂದು ಯಾವುದು, ಬಲಗೋಲಿಂದು ಯಾವುದು?"

ನೊಗದ ಎಡಕ್ಕೆ ಹೂಡುವ ಎತ್ತು ಯಾವುದು, ಬಲಕ್ಕೆ ಹೂಡುವುದು ಯಾವುದು ಎಂಬುದನ್ನು ಬಸಂತರಾಯರು ಯೋಚಿಸಿರಲಿಲ್ಲ. ಸಿದ್ದವ್ವನೇ ಮುಂದೆ ನಿಂತು ಒಂದನ್ನು ಮೇಜಿನ ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಡಿಸಿ, ಮೆಣಸಿನಕಾಯಿ ಉಪ್ಪು ನಿವಾಳಿಸಿ ದೃಷ್ಟಿ ತೆಗೆದಳು. ಅವಕ್ಕೆ ಎಡಗೋಲು, ಬಲಗೋಲು ಎಂಬ ಹೆಸರೇ ನಿಂತಿತು. ಊರಿಗೆ ಹೋಗುವಾಗ ತಮ್ಮನಿಗೆ ಒಂದು ಬುದ್ಧಿಮಾತನ್ನೂ ಹೇಳಿದಳು: "ಒಂದಕ್ಕ ದುಡಿಸಿ ಒಂದಕ್ಕ ಕೂಡ್ರಿಸಿದ್ರ ಜೋಡಿ ಕೆಡತೈತಿ. ಎರಡಕ್ಕೂ ಸಮ ಹೂಡಬೇಕು ನೋಡು."

ಬಸಂತರಾಯರು ಅಂದಿನಿಂದ ಮನೆಯಲ್ಲಿ ಕಾನೂನು ಮಾಡಿದರು. ಎಡಗೋಲಿನ ಬ್ಯಾಟರಿ ಮುಗಿಯುವವರೆಗೆ ಎಡಗೋಲು. ಆಮೇಲೆ ಅದಕ್ಕೆ ವಿಶ್ರಾಂತಿ, ಬಲಗೋಲು ಹೂಡುವುದು. ವಿದ್ಯಾವತಿ ಜಗಳಾಡಿ ನೋಡಿ ಸೋತು, ಒಂದು ಪ್ರಶ್ನೆಪತ್ರಿಕೆಯ ಮೊದಲರ್ಧ ಒಂದರಲ್ಲಿ, ಉಳಿದರ್ಧ ಮತ್ತೊಂದರಲ್ಲಿ ಟೈಪು ಮಾಡಿ ಕೊನೆಗೆ ಎರಡನ್ನೂ ಕೂಡಿಸುವ ಅಭ್ಯಾಸ ಮಾಡಿಕೊಂಡಳು.

ಅಷ್ಟರಲ್ಲಿ ಸುದ್ದಿ ಕಚೇರಿಗೂ ಮುಟ್ಟಿತ್ತು. ಅಲ್ಲಿ ಬೇರೆ ಅರ್ಥ ಹುಟ್ಟಿತು. ಹೆಡ್‌ಕ್ಲಾರ್ಕನ ಮನೆಯಲ್ಲಿ ಒಂದಲ್ಲ, ಎರಡು. ಯಾವ ಗುತ್ತಿಗೆದಾರ ಕೊಟ್ಟನೋ. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಸಾಹೇಬರು ಬಸಂತರಾಯರನ್ನು ಒಳಗೆ ಕರೆದು, "ನೋಡಿ, ಮುಚ್ಚುಮರೆ ಬೇಡ. ಎರಡು ಯಾಕೆ?" ಎಂದರು.

"ಸಾಹೇಬರ, ತಮ್ಮ ಕಡೆ ಒಂಟಿ ಎತ್ತು ಮಾರತಾರೇನ್ರಿ?"

"ಎತ್ತಿನ ವಿಷಯ ಅಲ್ಲ ನಾನು ಕೇಳಿದ್ದು."

"ನಾನೂ ಅದನ್ನ ಹೇಳಾಕತ್ತೇನ್ರಿ. ಹಲ್ಲು ಹಸನ ಇದ್ರೂ, ಮೇವು ಕಡಿಮಿ ತಿಂದ್ರೂ, ಸುಳಿ ಸುದ್ದ ಇದ್ರೂ, ಜೋಡಿ ಇಲ್ಲಂದ್ರ ಕೇಳಾವ್ರಿಲ್ರಿ." ಹೀಗೆ ಆರಂಭವಾದ ವಿವರಣೆ ಚಹಾ ಬಂದು ಆರಿದರೂ ಮುಗಿಯಲಿಲ್ಲ. ಕೊನೆಗೆ ಸಾಹೇಬರು ಹಣೆ ಒತ್ತಿಕೊಂಡು, "ಬಸಂತರಾಯರೇ, ನೀವು ಹೇಳಿದ್ದು ನನಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ಆದರೆ ಲಂಚ ತಗೊಂಡವನು ಇಷ್ಟು ಧೈರ್ಯವಾಗಿ ಮಾತಾಡಲ್ಲ ಅನ್ನೋದು ಅರ್ಥ ಆಯ್ತು. ಹೋಗಿ ಕೆಲಸ ನೋಡಿ," ಎಂದರು. ಸಾಹೇಬರು ತಮ್ಮ ತತ್ವಕ್ಕೆ ಒಪ್ಪಿಗೆ ಕೊಟ್ಟರೆಂದು ಬಸಂತರಾಯರು ಹೊರಗೆ ಬಂದು ಎಲ್ಲರಿಗೂ ಹೇಳಿದರು.

ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂತು. ವಿದ್ಯಾವತಿ ಒಂದು ಬಿಟ್ಟು ಎಲ್ಲ ಪತ್ರಿಕೆಗಳನ್ನು ಮುಗಿಸಿ, ಮನೆಯಲ್ಲಿ ಪ್ರಿಂಟರ್ ಇಲ್ಲದ್ದರಿಂದ ಅಚ್ಚಿಗೆ ಊರಿನ ಪ್ರೆಸ್ಸಿಗೆ ಕೊಟ್ಟಳು. ಎಂಟನೆಯ ತರಗತಿಯ ಸಮಾಜ ವಿಜ್ಞಾನ ಒಂದು ಉಳಿದಿತ್ತು, ಅದೂ ಟೈಪಾಗಿತ್ತು, ಕೂಡಿಸುವುದು ಬಾಕಿ. ಅಷ್ಟರಲ್ಲಿ ಕೊಲ್ಹಾರದಲ್ಲಿ ಬಸುರಿ ತಂಗಿಯ ಕುಬಸದ ಕಾರ್ಯ ಬಂತು. "ನಾ ನಾಳಿ ಬಂದು ಕೂಡಿಸಿ ಕೊಡತೇನಿ. ನೀವು ಮುಟ್ಟಬ್ಯಾಡ್ರಿ," ಎಂದು ಹೇಳಿ ಹೋದಳು.

ಆಕೆ ಬಸ್ಸು ಹತ್ತಿದ ಮೇಲೆ ಹೆಡ್‌ಮಾಸ್ತರರಿಂದ ಫೋನು. ಪ್ರೆಸ್ಸಿನವನು ನಾಳೆ ಇರುವುದಿಲ್ಲ, ಉಳಿದ ಪತ್ರಿಕೆ ಇಂದೇ ಬೇಕು. ಮನೆಯಲ್ಲಿ ಪ್ರಿಂಟರ್ ಇದ್ದಿದ್ದರೆ ಪ್ರೆಸ್ಸಿನವನ ಹಂಗೇ ಇರುತ್ತಿರಲಿಲ್ಲ. ಆದರೆ ಆ ವಿಷಯ ಬಸಂತರಾಯರ ತಲೆಗೆ ಬರಲಿಲ್ಲ. ಹೆಂಡತಿ ಮಾಡುವುದನ್ನು ಅವರು ನಿತ್ಯ ನೋಡಿದ್ದರು. ಪೆನ್‌ಡ್ರೈವ್ ಚುಚ್ಚಿ ಎಡಗೋಲಿನಿಂದ ಪತ್ರಿಕೆಯನ್ನು ಎತ್ತಿಕೊಂಡರು. ಆಮೇಲೆ ಬಲಗೋಲಿನಿಂದ ಎತ್ತಿಕೊಂಡರು. ಎರಡಕ್ಕೂ ಒಂದೇ ಹೆಸರಿತ್ತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ ಬಂತು. ಮೂವತ್ತು ವರ್ಷ ಸರಕಾರಿ ಕೆಲಸ ಮಾಡಿದವರು ಇಂಗ್ಲಿಷಿನಲ್ಲಿ ಬಂದ ಪ್ರಶ್ನೆಗೆ ಇಲ್ಲ ಎನ್ನುವುದುಂಟೆ? ಹೌದು ಎಂದು ಒತ್ತಿದರು. ಬಲಗೋಲಿನ ಪತ್ರಿಕೆ ಎಡಗೋಲಿನದನ್ನು ನುಂಗಿ ಅದರ ಜಾಗದಲ್ಲಿ ಕುಳಿತಿತು. ಪ್ರೆಸ್ಸಿನವನು ಕಣ್ಣು ಮುಚ್ಚಿಕೊಂಡು ಅಚ್ಚುಹಾಕಿದ. ವಿದ್ಯಾವತಿ ಊರಿಂದ ಬರುವಷ್ಟರಲ್ಲಿ ಪತ್ರಿಕೆಯ ಕಟ್ಟಿಗೆ ಶಾಲೆಯಲ್ಲಿ ಸೀಲು ಬಿದ್ದಿತ್ತು.

ಪರೀಕ್ಷೆಯ ದಿನ ಎಂಟನೆಯ ತರಗತಿಯ ಮಕ್ಕಳ ಕೈಗೆ ಹದಿನಾರನೆಯ ಪ್ರಶ್ನೆಯಿಂದ ಶುರುವಾಗುವ ಪತ್ರಿಕೆ ಬಂತು. ಮೊದಲ ಸಾಲೇ "ಮೇಲಿನ ರಾಜರ ಪೈಕಿ ನಿಮಗೆ ಇಷ್ಟವಾದವರ ಕುರಿತು ಬರೆಯಿರಿ" ಎಂದಿತ್ತು. ಮೇಲೆ ರಾಜರು ಯಾರೂ ಇರಲಿಲ್ಲ, ಶಾಲೆಯ ಹೆಸರಿತ್ತು. ಮಕ್ಕಳು ಹೆಡ್‌ಮಾಸ್ತರರ ಕುರಿತು ಬರೆದರು. ಅದನ್ನು ಓದಿದ ಹೆಡ್‌ಮಾಸ್ತರರು ನೇರವಾಗಿ ಬಸಂತರಾಯರ ಮನೆಗೆ ಬಂದರು.

"ತಂಗೀ, ನೀ ಹುಷಾರ ಇದ್ದೀ ಅಂತ ಕೆಲಸ ಕೊಟ್ಟೆ. ಸಾಲ್ಯಾಗ ನಾ ಮಾರಿ ಎತ್ತಿ ಅಡ್ಡಾಡದಂಗ ಆತು."

ವಿದ್ಯಾವತಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಎಷ್ಟು ರಾತ್ರಿಯ ಕಣ್ಣುರಿ, ಎಷ್ಟು ಜಂಪರಿನ ಹೊಲಿಗೆ ಈ ಕೆಲಸದ ಹಿಂದಿತ್ತೆಂದು ಆಕೆಯೊಬ್ಬಳಿಗೇ ಗೊತ್ತು. ಆದರೂ ತಪ್ಪು ಗಂಡನದೆಂದು ಹೇಳಲಿಲ್ಲ. "ವಾರ್ಷಿಕದ್ದು ಒಂದು ಸಲ ಕೊಟ್ಟು ನೋಡ್ರಿ ಸರ್. ಒಂದು ಅಕ್ಷರ ತಪ್ಪಿದ್ರ ಮತ್ತ ನಿಮ್ಮ ಮಾರಿಗೆ ಮಾರಿ ತೋರಸೂದಿಲ್ಲ," ಎಂದಳು. ಹೆಡ್‌ಮಾಸ್ತರರು ಅರೆಮನಸ್ಸಿನಿಂದ ಒಪ್ಪಿದರು.

ಬಸಂತರಾಯರಿಗೆ ಪಾಪಪ್ರಜ್ಞೆ ಆಗಲಿಲ್ಲವೆಂದಲ್ಲ. ಆದರೆ ಅದು ಅವರಲ್ಲಿ ಬೇರೆ ರೂಪದಲ್ಲಿ ಬಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ ಜೋಡಿಯ ಹೆಸರು ಕೆಟ್ಟಿದೆ. ಸುದ್ದಿ ಸಿಂದಗಿಗೆ ಮುಟ್ಟುವ ಮುಂಚೆ ಮಾರಿಬಿಡಬೇಕು ಎಂದು ಅವರು ಕಾಸಿಂಸಾಬರಿಗೆ ಹೇಳಿ ಕಳಿಸಿದರು.

ಹೇಳಿ ಕಳಿಸಿದ ವಾರದಲ್ಲೇ ಕಾಸಿಂಸಾಬರ ಜೊತೆ ಗಿರಾಕಿ ಮನೆ ಹುಡುಕಿಕೊಂಡು ಬಂದ. ಕನ್ನೊಳ್ಳಿಯ ಬಸಣ್ಣ, ದೊಡ್ಡ ಲಿಂಬೆ ತೋಟದವನು. ಅವನಿಗೆ ಕಾಲೇಜಿಗೆ ಹೋಗುವ ಇಬ್ಬರು ಗಂಡುಮಕ್ಕಳು. "ಒಬ್ಬಗ ಒಂದು ಗುಂಜಿ ಹೆಚ್ಚಾದ್ರೂ ಇನ್ನೊಬ್ಬ ಊಟ ಬಿಡತಾನ್ರಿ," ಎಂದ ಬಸಣ್ಣ. "ಒಂದ ನಮೂನಿ ಎರಡು ಬೇಕು. ಅಂಗಡ್ಯಾಗ ಹಿಂಗ ಸರಿಜೋಡಿ ಸಿಗಲಿಲ್ಲ."

ಬಸಂತರಾಯರು ಹೆಂಡತಿಯ ಕಡೆ ನೋಡಿದ ನೋಟದಲ್ಲಿ ಹದಿನೆಂಟು ವರ್ಷದ ಸಂಸಾರದ ಎಲ್ಲ ವಾದಗಳ ತೀರ್ಪೂ ಇತ್ತು. ವಿದ್ಯಾವತಿ ಮೇಜಿನ ಕಡೆ ನೋಡಿದಳು. ವಾರ್ಷಿಕ ಪರೀಕ್ಷೆಯ ಪತ್ರಿಕೆಗಳು ಮೇಜಿನ ಮೇಲೆ ಬಂದು ಬಿದ್ದಿದ್ದವು. ಜೋಡಿ ಹೋದರೆ ಕೆಲಸವೂ ಹೋಯಿತು, ಮತ್ತೆ ಬರುವ ಮಾತಿಲ್ಲ.

ಕಾಸಿಂಸಾಬರು ನಡುವೆ ಕುಳಿತು ಹೆಗಲಿನ ಟಾವೆಲ್ ತೆಗೆದು ಬಲಗೈಯ ಮೇಲೆ ಹೊದಿಸಿಕೊಂಡರು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಮಾರುವವನು ಟಾವೆಲಿನ ಕೆಳಗೆ ದಲಾಲಿಯ ಕೈ ಹಿಡಿದು ಬೆರಳು ಒತ್ತಿ ಹೇಳುತ್ತಾನೆ. ದಲಾಲಿ ಬೆರಳು ಒತ್ತಿಯೇ ಉತ್ತರ ಕೊಡುತ್ತಾನೆ. ಸುತ್ತ ನಿಂತವರಿಗೆ ಬಟ್ಟೆ ಅಲ್ಲಾಡುವುದು ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಬಸಂತರಾಯರು ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿದರು.

"ಚಾಚಾ," ಎಂದಳು ವಿದ್ಯಾವತಿ. "ಸಂತ್ಯಾಗ ಟಾವೆಲ್ ಒಳಗ ಕೈ ಯಾರು ಕೊಡಬೇಕು?"

"ಮಾಲಕ ಕೊಡಬೇಕವ್ವಾ."

"ಇವಕ್ಕ ರೊಕ್ಕ ಕೂಡಿಸಿದಾಕಿ ನಾ. ಮೇವು ಹಾಕಿದಾಕಿ ನಾ. ಹೂಡಿದಾಕಿ ನಾ. ನಿಮ್ಮ ಕಾಯ್ದೆ ಏನು ಹೇಳತೈತಿ?"

ಕಾಸಿಂಸಾಬರು ಬಸಂತರಾಯರ ಚಾಚಿದ ಕೈ ನೋಡಿದರು, ವಿದ್ಯಾವತಿಯ ಮುಖ ನೋಡಿದರು. ಐವತ್ತು ವರ್ಷದಲ್ಲಿ ಅವರ ಟಾವೆಲಿನ ಕೆಳಗೆ ಹೆಣ್ಣುಮಗಳ ಕೈ ಬಂದಿರಲಿಲ್ಲ. "ಕಾಯ್ದೆ ಅಂದ್ರ ಕಾಯ್ದೆ. ನೀ ನನ್ನ ಮಗಳ ಇದ್ದಂಗ, ಕೊಡು," ಎಂದರು. ಬಸಂತರಾಯರ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇದ್ದು ಆಮೇಲೆ ಕೆಳಗಿಳಿಯಿತು.

ಟಾವೆಲ್ ಅಲ್ಲಾಡಿತು. ಕಾಸಿಂಸಾಬರು ಮೊದಲು ನಕ್ಕರು. ಮತ್ತೆ ಅಲ್ಲಾಡಿತು, ಅವರ ಹುಬ್ಬು ಮೇಲೇರಿತು. ಅವರು ಏನೋ ಒತ್ತಿ ಹೇಳಿದರು, ವಿದ್ಯಾವತಿ ತಲೆಯಾಡಿಸದೆ ಮತ್ತೇನೋ ಒತ್ತಿದಳು. ಬಸಂತರಾಯರು ಪಕ್ಕಕ್ಕೆ ಬಾಗಿ ಬಟ್ಟೆಯ ಉಬ್ಬುತಗ್ಗುಗಳನ್ನು ಓದಲು ನೋಡಿದರು. ಕಾಸಿಂಸಾಬರು ಇನ್ನೊಂದು ಕೈಯಿಂದ ಟಾವೆಲಿನ ಅಂಚು ಎಳೆದುಕೊಂಡರು. ಕೊನೆಗೆ ಅವರು ಬಸಣ್ಣನ ಕಡೆ ಒಮ್ಮೆ ಕನಿಕರದಿಂದ ನೋಡಿ, ಕೈ ತೆಗೆದು, ಟಾವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ನಡಿ ಬಸಣ್ಣಾ."

"ಎಷ್ಟಂದ್ರು?"

"ನಿನ್ನ ಲಿಂಬಿ ತ್ವಾಟ ನಿನಗ ಇರಲಿ, ನಡಿ."

ವಿದ್ಯಾವತಿ ಅಂದೇ ಕಾನೂನು ಬದಲಿಸಿದಳು. ಓಣಿಗೆ ಸೊಸೆಯಾಗಿ ಬಂದಿದ್ದ ಸುಜಾತಾ ಎಂಬ ಓದಿದ ಹುಡುಗಿಯನ್ನು ಕರೆತಂದು ಬಲಗೋಲಿನ ಮುಂದೆ ಕೂರಿಸಿ, ತಾನು ಎಡಗೋಲು ಹಿಡಿದಳು. ಇಬ್ಬರೂ ಒಂದೊಂದು ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಟೈಪು ಮಾಡಿ, ಒಬ್ಬರದನ್ನು ಒಬ್ಬರು ಓದಿ ತಿದ್ದಿದರು. ವಾರ್ಷಿಕ ಪರೀಕ್ಷೆಯಲ್ಲಿ ಎಲ್ಲ ರಾಜರೂ ತಮ್ಮ ತಮ್ಮ ಜಾಗದಲ್ಲಿದ್ದರು. ಹೆಡ್‌ಮಾಸ್ತರರು ಮುಂದಿನ ವರ್ಷದ ಕೆಲಸ ಕೊಟ್ಟದ್ದಲ್ಲದೆ, ಬಸವನ ಬಾಗೇವಾಡಿಯಲ್ಲಿ ಮಾಸ್ತರನಾಗಿದ್ದ ತಮ್ಮ ಅಳಿಯನ ಶಾಲೆಯದನ್ನೂ ಕೊಡಿಸಿದರು. ವಿದ್ಯಾವತಿ ಆ ಹಣದಲ್ಲಿ ತಾನೇ ಚೇತನಕುಮಾರನ ಅಂಗಡಿಗೆ ಹೋಗಿ ಪ್ರಿಂಟರ್ ತಂದಳು. ಒಂದೇ ತಂದಳು.

ಬಸಂತರಾಯರಿಗೂ ಇದರಲ್ಲಿ ಸೋಲು ಕಾಣಲಿಲ್ಲ. ಕಚೇರಿಯಲ್ಲಿ ಎದೆ ಮುಂದೆ ಮಾಡಿ ಹೇಳುತ್ತಿದ್ದರು: "ನಮ್ಮ ಜೋಡಿಗೆ ಬಂದ ರೇಟು ಇಡೀ ಜಿಲ್ಲಾದಾಗ ಯಾವುದಕ್ಕೂ ಬಂದಿಲ್ಲ. ನಾವ ಕೊಡಲಿಲ್ಲ." ಎಷ್ಟು ಬಂದಿತ್ತು ಎಂದು ಯಾರಾದರೂ ಕೇಳಿದರೆ ಗಂಭೀರರಾಗಿ, "ಟಾವೆಲ್ ಒಳಗಿನ ಮಾತು ಹೊರಗ ಆಡಬಾರದು," ಎನ್ನುತ್ತಿದ್ದರು.

ಮನೆಗೆ ಬಂದು ಮಾತ್ರ ಕೈಕಾಲು ತೊಳೆಯುವ ಮೊದಲೇ ಎಡಗೋಲಿನ ಮುಂದೆ ಬಂದು ನಿಲ್ಲುತ್ತಿದ್ದರು.

"ವಿದ್ಯಾ, ಇಂದರೆ ಹೇಳು. ಚಾಚಾ ಎಷ್ಟಂದ್ರು, ನೀ ಎಷ್ಟಂದಿ?"

"ಆಚೆ ಸರೀರಿ," ಎನ್ನುತ್ತಿದ್ದಳು ವಿದ್ಯಾವತಿ ಕೀಲಿಗಳ ಮೇಲಿನ ಬೆರಳು ನಿಲ್ಲಿಸದೆ. "ಬೆಳಕಿಗೆ ಅಡ್ಡ ನಿಂತೀರಿ."